‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಬರೆದು ಸಿಕ್ಕಿಬಿದ್ದೆ. ಈ ‘ಇಂಗ್’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಪೀಣ್ಯ ಅಕೌಂಟ್ಸ್ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕುಣಿಗಲ್ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಹನ್ನೊಂದು ವರ್ಷ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆದೆ. ಅಲ್ಲಿ ಇಂಗ್ಲಿಷ್ ಅಂದರೆ ಬಿಲ್ಲು, ಚಲನ್, ಜಿಎಸ್‌ಟಿ, ಅಷ್ಟೇ. ಈಗ ಎರಡು ತಿಂಗಳಿಂದ ದೊಡ್ಡ ಆಫೀಸು. ದಿನಕ್ಕೆ ಇಪ್ಪತ್ತು ಮೇಲ್ ಬರೆಯಬೇಕು.

ಹೋದ ವಾರ ಒಂದು ಮೇಲ್‌ನ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಹಾಕಿದೆ. ಮ್ಯಾನೇಜರ್ ಪ್ರಿಂಟ್ ತೆಗೆದು, ‘ಮೀಟ್’ ಸುತ್ತ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ನನ್ನ ಟೇಬಲ್ ಮೇಲೆ ಇಟ್ಟು ಹೋದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು. ‘ಟು’ ಆದಮೇಲೆ ‘ಮೀಟ್’ ತಾನೆ ಬರಬೇಕು? ಶಾಲೆಯಲ್ಲಿ ‘ಟು ಈಟ್, ಟು ಪ್ಲೇ’ ಅಂತಲೇ ಬಾಯಿಪಾಠ ಮಾಡಿಸಿದ್ದು.

ಇನ್ನೊಂದು. ಊಟದ ಹೊತ್ತಲ್ಲಿ ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂದೆ. ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಅದರಲ್ಲಿ ನಗೋದೇನಿದೆ? ಒಂದು ಕಡೆ ‘ಇಂಗ್’ ಹಾಕಿಲ್ಲ ಅಂತ ತಪ್ಪು, ಇನ್ನೊಂದು ಕಡೆ ಹಾಕಿದ್ದೇ ತಪ್ಪು. ಯಾರಾದರೂ ಕನ್ನಡದಲ್ಲೇ ಬಿಡಿಸಿ ಹೇಳುತ್ತೀರಾ?

ಕೋರಮಂಗಲ ಟ್ರೇನರ್ · ಸೋಮವಾರ, ರಾತ್ರಿ 10:15

ಮೇಡಂ, ನಾನು ಕಾಲ್ ಸೆಂಟರ್‌ನಲ್ಲಿ ಎಂಟು ವರ್ಷ ಹುಡುಗರಿಗೆ ಇಂಗ್ಲಿಷ್ ಹೇಳಿಕೊಟ್ಟವಳು. ನಿಮ್ಮ ಮೊದಲ ತಪ್ಪನ್ನು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ.

ಇಂಗ್ಲಿಷಿನಲ್ಲಿ ‘ಟು’ ಎರಡಿದೆ. ಒಂದು ಕ್ರಿಯಾಪದದ ಮುಂದೆ ಬರುವ ‘ಟು’. ಇನ್ನೊಂದು ನಮ್ಮ ‘ಗೆ, ಕ್ಕೆ’ ಥರದ್ದು, ಅದಾದಮೇಲೆ ಹೆಸರು, ಅಂದರೆ ನಾಮಪದ, ಬರಬೇಕು. ಯಾವುದು ಅಂತ ಗೊತ್ತಾಗಬೇಕಾದರೆ ಅಲ್ಲಿ ಒಂದು ಹೆಸರು ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ದಸರಾ’. ಕೂರುತ್ತದೆ ಅಲ್ವಾ? ಹಾಗಾದರೆ ಅಲ್ಲಿ ಬರುವ ಕ್ರಿಯೆಯೂ ಹೆಸರಿನ ವೇಷ ಹಾಕಿಕೊಂಡೇ ಬರಬೇಕು. ಆ ವೇಷವೇ ‘ಇಂಗ್’. ‘ಟು ಮೀಟಿಂಗ್ ಯು’. ಈಗ ‘ಐ ವಾಂಟ್ ಟು ದಸರಾ’ ಅಂತ ಹೇಳಿ ನೋಡಿ. ಕೂರಲ್ಲ. ಅಲ್ಲಿ ‘ವಾಂಟ್ ಟು ಮೀಟ್’.

ಇದರಲ್ಲಿ ಒಂದು ಗುಂಡಿ ಇದೆ. ‘ಐ ಯೂಸ್ಡ್ ಟು ಡ್ರೈವ್’ ಅಂದರೆ ಮೊದಲು ಗಾಡಿ ಓಡಿಸುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ಡ್ರೈವಿಂಗ್’ ಅಂದರೆ ಓಡಿಸಿ ಓಡಿಸಿ ಅಭ್ಯಾಸ ಆಗಿಬಿಟ್ಟಿದೆ. ದಿನಾ ಸಿಲ್ಕ್ ಬೋರ್ಡ್ ದಾಟುವವರು ಎರಡನೆಯದನ್ನು ಹೇಳಬೇಕು. ‘ಆಮ್’ ಒಂದು ಬಿಟ್ಟರೆ ಕೆಲಸ ಬಿಟ್ಟ ಡ್ರೈವರ್ ಆಗುತ್ತೀರಿ.

ಎರಡನೆಯದಕ್ಕೆ ಸುಲಭ ಉತ್ತರ: ‘ಹ್ಯಾವ್’ ಜೊತೆ ‘ಇಂಗ್’ ಯಾವತ್ತೂ ಬೇಡ.

ವೈಟ್‌ಫೀಲ್ಡ್ ಪಯಣಿಗ · ಸೋಮವಾರ, ರಾತ್ರಿ 11:02

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎದುರಿನವರಿಗೆ ಅರ್ಥ ಆದರೆ ಸಾಕು. ನಮ್ಮ ಟೀಮಿನಲ್ಲಿ ಜರ್ಮನ್ನರು, ಜಪಾನಿನವರು ಎಲ್ಲ ಇದ್ದಾರೆ. ಯಾರೂ ಯಾರ ‘ಇಂಗ್’ ಎಣಿಸಲ್ಲ. ನಕ್ಕವರ ಹತ್ತಿರ ‘ಳ’ ಸರಿಯಾಗಿ ಹೇಳಿಸಿ ನೋಡಿ, ಆಮೇಲೆ ಮಾತಾಡೋಣ.

ಮಲ್ಲೇಶ್ವರ ಟ್ಯೂಷನ್ ಅಕ್ಕ · ಸೋಮವಾರ, ರಾತ್ರಿ 11:20

ಟೀಮಿನೊಳಗೆ ಸರಿ ಗುರು. ಆದರೆ ಕಸ್ಟಮರ್‌ಗೆ ಹೋಗುವ ಮೇಲ್ ಬೇರೆ, ಇಂಟರ್‌ವ್ಯೂ ಬೇರೆ. ಅವರು ಕಲಿಯಬೇಕು ಅಂತ ಕೇಳುತ್ತಿರುವಾಗ ‘ಬೇಡ ಬಿಡಿ’ ಅನ್ನೋದು ಉಪಕಾರ ಅಲ್ಲ.

ಬಸವನಗುಡಿ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:10

ವಾಕಿಂಗ್ ಮುಗಿಸಿ ಬಂದು ಬರೆಯುತ್ತಿದ್ದೇನೆ. (‘ವಾಕಿಂಗ್’ ಅನ್ನುವುದನ್ನು ಗಮನಿಸಿ, ಆಮೇಲೆ ಬರುತ್ತೇನೆ.) ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದೆ. ಕನ್ನಡ ಮೇಷ್ಟ್ರು ರಜಾ ಹಾಕಿದರೆ ಕನ್ನಡವನ್ನೂ ತೆಗೆದುಕೊಳ್ಳುತ್ತಿದ್ದೆ. ಅದರಿಂದ ಒಂದು ಲಾಭ ಆಯಿತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಚಟ ಹತ್ತಿತು.

ತಾಯಿ, ನಿಮಗೆ ಇದು ಆಗಲೇ ಗೊತ್ತಿದೆ. ಕನ್ನಡದಲ್ಲಿ ಗೊತ್ತಿದೆ. ‘ಓದುವುದು, ಓದುತ್ತಾ, ಓದುವ, ಓದೋಕೆ’ ಈ ನಾಲ್ಕನ್ನು ನೀವು ಒಂದು ದಿನವೂ ಅದಲು ಬದಲು ಮಾಡಿಲ್ಲ. ‘ನನಗೆ ಓದುತ್ತಾ ಇಷ್ಟ’ ಅಂತ ಯಾವ ಕನ್ನಡದ ಮಗುವೂ ಹೇಳುವುದಿಲ್ಲ. ಇಂಗ್ಲಿಷಿನವರು ಮೊದಲ ಮೂರಕ್ಕೂ ಒಂದೇ ಬಾಲ ಕಟ್ಟಿದ್ದಾರೆ, ಅಷ್ಟೇ ತೊಂದರೆ. ‘ರೀಡಿಂಗ್ ಈಸ್ ಗುಡ್’ ಅಂದರೆ ಓದುವುದು. ‘ಹಿ ಈಸ್ ರೀಡಿಂಗ್’ ಅಂದರೆ ಓದುತ್ತಾ ಇದ್ದಾನೆ. ‘ದಿ ಬಾಯ್ ರೀಡಿಂಗ್ ದೇರ್’ ಅಂದರೆ ಅಲ್ಲಿ ಓದುವ ಹುಡುಗ. ಹಳೆಯ ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಬಾಲ ಇತ್ತು. ಹೆಸರಿಗೆ ‘ಉಂಗ್’ ಅಥವಾ ‘ಇಂಗ್’, ಓದುತ್ತಿರುವವನಿಗೆ ‘ಎಂಡೆ’. ಕಾಲ ಕಳೆದಂತೆ ಎರಡೂ ಸವೆದು ಒಂದೇ ಆದವು. ನಮ್ಮಲ್ಲಿ ಸವೆಯಲಿಲ್ಲ.

ಶಾಲೆಯ ಕನ್ನಡ ವ್ಯಾಕರಣದಲ್ಲಿ ‘ಕೃದಂತ ಭಾವನಾಮ’ ಅಂತ ಓದಿದ್ದು ನೆನಪಿದೆಯೇ? ಓಟ, ಆಟ, ನಡೆತ, ಓದುವಿಕೆ, ಅಂದರೆ ಕ್ರಿಯಾಪದದಿಂದ ಹುಟ್ಟಿದ ಹೆಸರುಗಳು. ಇಂಗ್ಲಿಷ್ ವ್ಯಾಕರಣದ ‘ಜೆರಂಡ್’ ಅಂದರೆ ಅದೇ. ‘ಓದುತ್ತಾ, ಓದಲು’ ಕೃದಂತಾವ್ಯಯ. ಪಾಠ ಆಗಿತ್ತು. ಆದರೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಯಾರೂ ಅದನ್ನು ಜ್ಞಾಪಿಸಲಿಲ್ಲ.

ಆದ್ದರಿಂದ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡಿ. ‘ಓದೋದು’ ಅಂತ ಬಂದರೆ ಹೆಚ್ಚಿನ ಸಲ ‘ಇಂಗ್’. ‘ಓದೋಕೆ’ ಅಥವಾ ‘ಓದಬೇಕು ಅಂತ’ ಬಂದರೆ ‘ಟು’. ‘ಸಿಗರೇಟ್ ಸೇದೋದು ಬಿಟ್ಟ’: ‘ಗೇವ್ ಅಪ್ ಸ್ಮೋಕಿಂಗ್’. ‘ಮನೆ ಬದಲಾಯಿಸಬೇಕು ಅಂತ ತೀರ್ಮಾನ ಮಾಡಿದೆ’: ‘ಡಿಸೈಡೆಡ್ ಟು ಮೂವ್’. ‘ನಿಮ್ಮನ್ನು ನೋಡೋದನ್ನೇ ಕಾಯುತ್ತಿದ್ದೇನೆ’: ಅಲ್ಲೇ ಸಿಕ್ಕಿತಲ್ಲ ನಿಮ್ಮ ‘ಮೀಟಿಂಗ್’.

ಎಲ್ಲ ಕಡೆ ನಡೆಯುತ್ತದೆ ಅಂತ ಹೇಳಲಾರೆ. ‘ಈಜೋದು ಕಲಿತೆ’ ಅನ್ನುತ್ತೇವೆ, ಅವರು ‘ಲರ್ನ್ಡ್ ಟು ಸ್ವಿಮ್’ ಅನ್ನುತ್ತಾರೆ. ‘ಹೋಗೋಣ ಅಂದ’ ಅನ್ನುತ್ತೇವೆ, ಅವರು ‘ಸಜೆಸ್ಟೆಡ್ ಗೋಯಿಂಗ್’ ಅನ್ನುತ್ತಾರೆ. ಅಂಥವನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿ ಇಲ್ಲ.

ಸೈಟ್ ಮೇಸ್ತ್ರಿ · ಮಂಗಳವಾರ, ಬೆಳಿಗ್ಗೆ 7:30

ಮೇಷ್ಟ್ರೇ ನಮಸ್ಕಾರ. ನಾನು ಎಂಟನೇ ಕ್ಲಾಸು. ಆದರೂ ನನಗೆ ಜೆರಂಡ್ ಬರುತ್ತದೆ ಅಂತ ಇವತ್ತು ಗೊತ್ತಾಯಿತು. ಸೆಂಟ್ರಿಂಗ್, ಪ್ಲಾಸ್ಟರಿಂಗ್, ವೈರಿಂಗ್, ಪ್ಲಂಬಿಂಗ್, ಕ್ಯೂರಿಂಗ್, ಪೇಂಟಿಂಗ್. ಪಾಯದಿಂದ ಗೃಹಪ್ರವೇಶದವರೆಗೆ ಬರೀ ‘ಇಂಗ್’. ಕಂಡಕ್ಟರ್ ‘ಸೀಟಿಲ್ಲ, ಬರೀ ಸ್ಟ್ಯಾಂಡಿಂಗು’ ಅಂದರೆ ಅದೂ ಅದೇ ತಾನೆ? ನಮ್ಮ ಹುಡುಗರು ಒಬ್ಬರಿಗೊಬ್ಬರು ‘ಫಿಟ್ಟಿಂಗ್ ಇಟ್ಟ’ ಅಂತಾರೆ, ಅದಂತೂ ಇಂಗ್ಲಿಷಿನವರಿಗೂ ಗೊತ್ತಿರಲಿಕ್ಕಿಲ್ಲ.

ಬಸವನಗುಡಿ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 7:52

ಮೇಸ್ತ್ರಿಗಳೇ, ನೂರಕ್ಕೆ ನೂರು ಕೊಟ್ಟೆ. ನನ್ನ ವಾಕಿಂಗ್ ಕೂಡ ಆ ಸಾಲಿನದೇ. ‘ವೈರಿಂಗ್ ಮಾಡಿಸಿದೆ, ವೈರಿಂಗಿಗೆ ದುಡ್ಡು ಕೊಟ್ಟೆ, ವೈರಿಂಗಿನಲ್ಲಿ ತಪ್ಪಿದೆ’ ಎಂದು ವಿಭಕ್ತಿ ಹಚ್ಚಿ ಮಾತಾಡುತ್ತೇವೆ. ವಿಭಕ್ತಿ ಹತ್ತಿತು ಅಂದರೆ ಅದು ಹೆಸರು. ಮೆಜೆಸ್ಟಿಕ್ ಪಕ್ಕದ ರೈಲ್ವೆ ಸ್ಟೇಷನ್ನಿನ ‘ವೇಟಿಂಗ್ ರೂಮ್’ ಅಂದರೆ ಕಾಯುತ್ತಾ ಕೂತ ಕೋಣೆ ಅಲ್ಲ, ಕಾಯೋಕೆ ಇರೋ ಕೋಣೆ. ಆದರೆ ‘ವೇಟಿಂಗ್ ಪ್ಯಾಸೆಂಜರ್’ ನಿಜವಾಗಿಯೂ ಕಾಯುತ್ತಿರುವ ಮನುಷ್ಯ. ಒಂದೇ ಪದ, ಒಂದು ಕಡೆ ಹೆಸರು, ಇನ್ನೊಂದು ಕಡೆ ವಿಶೇಷಣ.

ಕೋರಮಂಗಲ ಟ್ರೇನರ್ · ಮಂಗಳವಾರ, ಮಧ್ಯಾಹ್ನ 1:15

ನಿನ್ನೆ ನಾನು ಹೇಳಿದ್ದರಲ್ಲಿ ಒಂದು ತಪ್ಪಿದೆ. ಇವತ್ತು ಊಟ ಮಾಡುವಾಗ ‘ವಿ ಆರ್ ಹ್ಯಾವಿಂಗ್ ಲಂಚ್’ ಅಂತ ನಾನೇ ಫೋನಿನಲ್ಲಿ ಹೇಳಿದೆ, ಹೇಳಿದ ಮೇಲೆ ಹೊಳೆಯಿತು. ‘ಹ್ಯಾವ್’ ಜೊತೆ ಯಾವತ್ತೂ ಬೇಡ ಅನ್ನೋದು ಸುಳ್ಳು.

‘ಹ್ಯಾವ್’ ಅಂದರೆ ‘ಇದೆ’ ಅಂತ ಇದ್ದಾಗ ಬೇಡ. ನನಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ರ ಕಾರಿದೆ, ನನಗೊಂದು ಡೌಟ್ ಇದೆ: ಎಲ್ಲ ‘ಐ ಹ್ಯಾವ್’. ‘ಹ್ಯಾವ್’ ಅಂದರೆ ಒಂದು ಕೆಲಸ ಅಂತ ಆದಾಗ, ಅಂದರೆ ಊಟ ಮಾಡೋದು, ಕಾಫಿ ಕುಡಿಯೋದು, ಮೀಟಿಂಗ್ ನಡೆಸೋದು, ಆಗ ‘ಹ್ಯಾವಿಂಗ್’ ಸರಿ. ಇನ್ನು ಅವರು ಯಾಕೆ ನಕ್ಕರು ಅಂದರೆ, ‘ಐ ಆಮ್ ಹ್ಯಾವಿಂಗ್ ಎ ಬೇಬಿ’ ಅಂದರೆ ಬಸುರಿ ಅಂತ. ನೀವು ಹೇಳಿದ್ದು ಅವರ ಕಿವಿಗೆ ‘ಅವಳಿ ಮಕ್ಕಳು ಆಗೋದರಲ್ಲಿವೆ’ ಅಂತ ಕೇಳಿಸಿತು.

ಪೀಣ್ಯ ಅಕೌಂಟ್ಸ್ · ಮಂಗಳವಾರ, ರಾತ್ರಿ 9:05

ಅಯ್ಯೋ ರಾಮ! ನಾಳೆ ಹೋಗಿ ಮೊದಲು ಅವರಿಗೆ ಹೇಳುತ್ತೇನೆ, ದೊಡ್ಡವನು ಆಗಲೇ ಎಂಟನೇ ಕ್ಲಾಸು ಅಂತ.

ಮೇಷ್ಟ್ರೇ, ನೀವು ಹೇಳಿದ ಹಾಗೆ ನನ್ನ ಹಳೆಯ ಮೇಲ್‌ಗಳನ್ನೆಲ್ಲ ಕನ್ನಡದಲ್ಲಿ ಹೇಳಿ ನೋಡಿದೆ. ‘ಓದೋದು, ಓದೋಕೆ’ ಹಿಡಿತಕ್ಕೆ ಬಂತು. ಆದರೆ ಒಂದು ಕಡೆ ಕನ್ನಡವೇ ಕೈ ಕೊಟ್ಟಿತು. ‘ನನಗೆ ಈ ಎಂಟ್ರಿ ಅರ್ಥ ಆಗ್ತಾ ಇಲ್ಲ’. ‘ಆಗ್ತಾ ಇಲ್ಲ’ ಅಂದ ಮೇಲೆ ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅಂತ ಬರೆದೆ. ಅದಕ್ಕೂ ಪೆನ್ಸಿಲ್ ಸುತ್ತು ಬಿದ್ದಿದೆ.

ಬಸವನಗುಡಿ ಮೇಷ್ಟ್ರು · ಬುಧವಾರ, ಬೆಳಿಗ್ಗೆ 6:25

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಸಮಾಧಾನವಾಗಿ ಉತ್ತರ ಕೊಡುತ್ತೇನೆ.

‘ಐ ಆಮ್ ನೋಯಿಂಗ್’ ಅಂತ ಯಾರಾದರೂ ಅಂದರೆ ‘ಮಾತೃಭಾಷೆಯ ಪ್ರಭಾವ’ ಅಂತ ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಕನ್ನಡದಲ್ಲಿ ‘ಗೊತ್ತು’ ಅನ್ನುವುದಕ್ಕೆ ‘ತ್ತಾ ಇದೆ’ ಹತ್ತುವುದೇ ಇಲ್ಲ. ‘ಬೇಕು’ಗೂ ಇಲ್ಲ, ‘ಸಾಕು’ಗೂ ಇಲ್ಲ, ‘ಇಷ್ಟ’ಕ್ಕೂ ಇಲ್ಲ. ನನಗೆ ಗೊತ್ತು, ಮುಗಿಯಿತು. ಇಂಗ್ಲಿಷಿನಲ್ಲೂ ‘ಐ ನೋ’, ‘ಐ ವಾಂಟ್’, ‘ಐ ಲೈಕ್’. ಎರಡೂ ಭಾಷೆ ಇಲ್ಲಿ ಒಂದೇ ದಾರಿ. ಹಾಗಿದ್ದೂ ‘ನೋಯಿಂಗ್’ ಬರುತ್ತದೆ ಅಂದರೆ ಅದು ನಮ್ಮ ಶಾಲೆಯ ತಪ್ಪು. ‘ಐ’ ಬಂದರೆ ‘ಆಮ್’, ‘ಆಮ್’ ಬಂದರೆ ‘ಇಂಗ್’ ಅಂತ ಮೊದಲ ವರ್ಷವೇ ಕೈಗೆ ಕಟ್ಟಿ ಕಳಿಸಿದೆವು. ನಾನೂ ಕಳಿಸಿದ್ದೇನೆ.

ನಿಜವಾಗಿ ಸೋರುವುದು ಬೇರೆ ಕಡೆ. ನಮ್ಮಲ್ಲಿ ಕೆಲವು ಅನುಭವಗಳು ತಾವಾಗಿ ಆಗುತ್ತವೆ. ಅರ್ಥ ಆಗ್ತಾ ಇಲ್ಲ. ಕೇಳಿಸ್ತಾ ಇಲ್ಲ. ಕಾಣಿಸ್ತಾ ಇಲ್ಲ. ನೆನಪಾಗ್ತಾ ಇಲ್ಲ. ಇಲ್ಲೆಲ್ಲ ‘ನಾನು’ ಇಲ್ಲ, ‘ನನಗೆ’ ಇದೆ. ನನಗೆ ಏನೋ ಆಗುತ್ತಾ ಇದೆ, ಆದ್ದರಿಂದ ‘ತ್ತಾ’ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ಅದೇ ಅನುಭವ ‘ಐ’ ಎಂಬ ಕರ್ತೃವಿನ ಕೈಗೆ ಹೋಗುತ್ತದೆ, ಹೋದಕೂಡಲೇ ‘ಇಂಗ್’ ಉದುರಿಹೋಗುತ್ತದೆ. ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ‘ಐ ಕಾಂಟ್ ಹಿಯರ್ ಯು’. ‘ಐ ಕಾಂಟ್ ಸೀ ಇಟ್’. ‘ಐ ಕಾಂಟ್ ರಿಮೆಂಬರ್’. ‘ನನಗೆ’ ಅಂತ ಶುರುವಾಗಿ ‘ಆಗ್ತಾ, ಸ್ತಾ’ ಅಂತ ಮುಗಿಯುವ ವಾಕ್ಯ ಬಾಯಿಗೆ ಬಂದರೆ ಒಂದು ಕ್ಷಣ ನಿಲ್ಲಿ.

ವೈಟ್‌ಫೀಲ್ಡ್ ಪಯಣಿಗ · ಬುಧವಾರ, ಬೆಳಿಗ್ಗೆ 9:48

ಮೆಟ್ರೋದಲ್ಲಿ ನಿಂತುಕೊಂಡು ಓದಿದೆ. ದಿನಾ ಕಾಲ್ ಶುರು ಮಾಡುವಾಗ ‘ಆರ್ ಯು ಹಿಯರಿಂಗ್ ಮಿ, ಆರ್ ಯು ಸೀಯಿಂಗ್ ಮೈ ಸ್ಕ್ರೀನ್’ ಅನ್ನುತ್ತೇನೆ. ಇನ್ನುಮೇಲೆ ಬಾಯಿ ಕಚ್ಚಿಕೊಳ್ಳುತ್ತೇನೆ. ಆದರೂ ಒಂದು ತಕರಾರು. ‘ಲೈಕ್’ಗೆ ‘ಇಂಗ್’ ಬೇಡ ಅನ್ನುತ್ತೀರಿ, ಹಾಗಾದರೆ ‘ಲವ್’ಗೂ ಬೇಡ ತಾನೆ? ಮೆಕ್‌ಡೊನಾಲ್ಡ್ಸ್‌ನವರು 2003ರಿಂದ ‘ಐಮ್ ಲವಿನ್ ಇಟ್’ ಅಂತ ಬೋರ್ಡ್ ಹಾಕಿಕೊಂಡು ಕೂತಿದ್ದಾರಲ್ಲ? ಅವರಿಗೆ ಯಾರು ಪೆನ್ಸಿಲ್ ಸುತ್ತು ಹಾಕೋದು?

ಬಸವನಗುಡಿ ಮೇಷ್ಟ್ರು · ಬುಧವಾರ, ಬೆಳಿಗ್ಗೆ 11:30

ಯಾರೂ ಹಾಕಬೇಕಾಗಿಲ್ಲ. ಅದು ಬೇಕೆಂದೇ ಮುರಿದದ್ದು. ‘ಐ ಲವ್ ಇಟ್’ ಅಂದರೆ ಯಾವಾಗಲೂ ಇಷ್ಟ. ‘ಐಮ್ ಲವಿನ್ ಇಟ್’ ಅಂದರೆ ಈಗ ಬಾಯಲ್ಲಿ ಇರುವ ಈ ತುತ್ತು, ಈ ಕ್ಷಣ, ಆಹಾ! ಸ್ಥಿತಿಯನ್ನು ತೋರಿಸುವ ಪದಕ್ಕೆ ‘ಇಂಗ್’ ಹಾಕಿದರೆ ಅದು ತಾತ್ಕಾಲಿಕ ಆಗುತ್ತದೆ. ‘ಹಿ ಈಸ್ ರೂಡ್’ ಅಂದರೆ ಮನುಷ್ಯನೇ ಒರಟ. ‘ಹಿ ಈಸ್ ಬೀಯಿಂಗ್ ರೂಡ್’ ಅಂದರೆ ಇವತ್ತು ಯಾಕೋ ಒರಟಾಗಿ ಆಡುತ್ತಿದ್ದಾನೆ. ‘ಐ ಥಿಂಕ್’ ಅಂದರೆ ನನ್ನ ಅಭಿಪ್ರಾಯ, ‘ಐ ಆಮ್ ಥಿಂಕಿಂಗ್’ ಅಂದರೆ ಯೋಚನೆ ಇನ್ನೂ ನಡೆಯುತ್ತಿದೆ. ಗೊತ್ತಿದ್ದು ಮುರಿಯುವವರಿಗೂ ಗೊತ್ತಿಲ್ಲದೆ ಮುರಿಯುವವರಿಗೂ ವ್ಯತ್ಯಾಸ ಇದೆ, ಅಲ್ವೇ?

ಮಲ್ಲೇಶ್ವರ ಟ್ಯೂಷನ್ ಅಕ್ಕ · ಬುಧವಾರ, ಮಧ್ಯಾಹ್ನ 3:40

ಪಯಣಿಗರು ಮೆಟ್ರೋ ಅಂದದ್ದಕ್ಕೆ ನೆನಪಾಯಿತು. ನನ್ನ ಮಕ್ಕಳು ಮಾಡುವ ದೊಡ್ಡ ತಪ್ಪನ್ನು ಯಾರೂ ಇನ್ನೂ ಮುಟ್ಟಿಲ್ಲ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ಕ್ಕೆ. ಕನ್ನಡದಲ್ಲಿ ‘2011ರಿಂದ ಮೆಟ್ರೋ ಓಡ್ತಾ ಇದೆ’ ಅನ್ನುತ್ತೇವೆ. ಹುಡುಗರು ಹಾಗೇ ಎತ್ತಿ ‘ಮೆಟ್ರೋ ಈಸ್ ರನ್ನಿಂಗ್ ಸಿನ್ಸ್ 2011’ ಅಂತ ಬರೆಯುತ್ತಾರೆ. ಇಂಗ್ಲಿಷಿಗೆ ಇಷ್ಟು ಸಾಲದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಹ್ಯಾಸ್ ಬೀನ್ ರನ್ನಿಂಗ್’ ಅನ್ನಲೇಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್’.

ಇನ್ನೂ ಒಂದು ಇದೆ. ನಮ್ಮ ‘ಇಂದ’ ಎರಡು ಕೆಲಸ ಮಾಡುತ್ತದೆ. ‘2011ರಿಂದ’ ಅಂದರೂ ‘ಇಂದ’, ‘ಐದು ವರ್ಷದಿಂದ’ ಅಂದರೂ ‘ಇಂದ’. ಅದಕ್ಕೇ ‘ಸಿನ್ಸ್ ಫೈವ್ ಇಯರ್ಸ್’ ಅಂತ ಬಾಯಿಗೆ ಬರೋದು. ಶುರುವಾದ ದಿನ ಹೇಳಿದರೆ ‘ಸಿನ್ಸ್’, ಎಷ್ಟು ಕಾಲ ಅಂತ ಹೇಳಿದರೆ ‘ಫಾರ್’. ‘ಫಾರ್ ಫೈವ್ ಇಯರ್ಸ್’. ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಗೇ ಇದು ಬೇಕಾಗುತ್ತದೆ.

ಪೀಣ್ಯ ಅಕೌಂಟ್ಸ್ · ಬುಧವಾರ, ರಾತ್ರಿ 9:30

ಅಕ್ಕ, ನನ್ನ ಇಂಟರ್‌ವ್ಯೂನಲ್ಲಿ ‘ಐ ಆಮ್ ವರ್ಕಿಂಗ್ ಸಿನ್ಸ್ ಇಲೆವೆನ್ ಇಯರ್ಸ್’ ಅಂದಿದ್ದೆ. ಎರಡೂ ತಪ್ಪು ಒಂದೇ ಉಸಿರಿನಲ್ಲಿ. ಆದರೂ ಕೆಲಸ ಕೊಟ್ಟರು, ಪುಣ್ಯ.

‘ಸ್ಟಾಪ್’ ಬಗ್ಗೆ ಹೇಳಿ. ಅದಕ್ಕೆ ಎರಡೂ ಬರುತ್ತದೆ ಅಂತ ನನ್ನ ಮಗ ಹೇಳುತ್ತಾನೆ.

ಮಲ್ಲೇಶ್ವರ ಟ್ಯೂಷನ್ ಅಕ್ಕ · ಬುಧವಾರ, ರಾತ್ರಿ 10:10

ಮಗ ಹೇಳಿದ್ದು ಸರಿ. ಇದು ಮೇಷ್ಟ್ರ ಕನ್ನಡ ಪರೀಕ್ಷೆಗೆ ತುಂಬಾ ಚೆನ್ನಾಗಿ ಸಿಕ್ಕುತ್ತದೆ. ‘ಟೀ ಕುಡಿಯೋದು ನಿಲ್ಲಿಸಿದೆ’: ‘ಐ ಸ್ಟಾಪ್ಡ್ ಡ್ರಿಂಕಿಂಗ್ ಟೀ’, ಡಾಕ್ಟರ್ ಬೇಡ ಅಂದರು. ‘ಟೀ ಕುಡಿಯೋಕೆ ನಿಂತೆ’: ‘ಐ ಸ್ಟಾಪ್ಡ್ ಟು ಡ್ರಿಂಕ್ ಟೀ’, ದಾರಿಯಲ್ಲಿ ಅಂಗಡಿ ಕಾಣಿಸಿತು.

‘ರಿಮೆಂಬರ್’ ಇನ್ನೂ ಚೆಂದ. ‘ಬೀಗ ಹಾಕೋದು ನೆನಪಿರಲಿ’ ಅಂದರೆ ‘ರಿಮೆಂಬರ್ ಟು ಲಾಕ್’. ‘ಬೀಗ ಹಾಕಿದ್ದು ನೆನಪಿದೆ’ ಅಂದರೆ ‘ಐ ರಿಮೆಂಬರ್ ಲಾಕಿಂಗ್’. ನಾವು ‘ಹಾಕೋದು, ಹಾಕಿದ್ದು’ ಅಂತ ಕಾಲವನ್ನೇ ಬದಲಾಯಿಸುತ್ತೇವೆ. ಅವರಿಗೆ ಆ ಸೌಲಭ್ಯ ಇಲ್ಲ, ‘ಟು’ ಮತ್ತು ‘ಇಂಗ್’ನಲ್ಲೇ ಸುಧಾರಿಸಿಕೊಳ್ಳುತ್ತಾರೆ. ನೋಡಿ, ಇಲ್ಲಿ ‘ಹಾಕೋದು’ ಅಂತ ಬಂದರೂ ‘ಟು’ ಆಯಿತು. ಇದನ್ನು ಬೇರೆಯಾಗಿ ಇಟ್ಟುಕೊಳ್ಳಿ.

‘ಶಾಪಿಂಗ್‌ಗೆ ಹೋಗೋಣ’ ಅನ್ನೋದನ್ನೂ ಹೇಳಿಬಿಡುತ್ತೇನೆ. ನಮ್ಮ ‘ಗೆ’ ನೋಡಿ ‘ಗೋ ಫಾರ್ ಶಾಪಿಂಗ್’ ಅನ್ನುತ್ತೇವೆ. ಅವರು ‘ಫಾರ್’ ಇಲ್ಲದೆ ‘ಗೋ ಶಾಪಿಂಗ್’, ‘ಗೋ ಸ್ವಿಮ್ಮಿಂಗ್’ ಅನ್ನುತ್ತಾರೆ.

ಕೋರಮಂಗಲ ಟ್ರೇನರ್ · ಬುಧವಾರ, ರಾತ್ರಿ 10:45

‘ಮೈಂಡ್’ ಬಿಟ್ಟಿರಿ. ನನ್ನದೇ ಕಥೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲಂಡನ್‌ನಿಂದ ಬಂದ ಒಬ್ಬ ಹಿರಿಯರು ‘ವುಡ್ ಯು ಮೈಂಡ್ ಓಪನಿಂಗ್ ದಿ ವಿಂಡೋ’ ಅಂದರು. ನಾನು ಎದ್ದು ನಿಂತು, ದೊಡ್ಡ ನಗು ನಕ್ಕು ‘ಯೆಸ್ ಸರ್, ಯೆಸ್ ಸರ್’ ಅಂದೆ. ಅವರ ಮುಖ ಬಿಳಿಚಿಕೊಂಡಿತು. ‘ಕಿಟಕಿ ತೆಗೆಯೋದು ನಿಮಗೆ ಬೇಜಾರಾ’ ಅಂತ ಅವರು ಕೇಳಿದ್ದು, ‘ಹೌದು ಬೇಜಾರು’ ಅಂತ ನಾನು ಹೇಳಿದ್ದು. ಹೇಳಿ ಕಿಟಕಿಯನ್ನೂ ತೆಗೆದೆ. ‘ಮೈಂಡ್’ ಆದಮೇಲೆ ಯಾವಾಗಲೂ ‘ಇಂಗ್’, ಒಪ್ಪಿಗೆ ಇದ್ದರೆ ಉತ್ತರ ‘ನಾಟ್ ಅಟ್ ಆಲ್’.

ಸೈಟ್ ಮೇಸ್ತ್ರಿ · ಗುರುವಾರ, ಬೆಳಿಗ್ಗೆ 7:15

ನನ್ನದೊಂದು ಬೋರ್ಡ್ ಬರೆಸಬೇಕು. ಚರಂಡಿ ಕೆಲಸ ನಡೆಯುತ್ತಿದೆ, ಗಾಡಿಯವರು ನಿಧಾನ ಹೋಗಲಿ ಅಂತ. ಪೇಂಟರ್ ‘ಡ್ರೈನ್ ಈಸ್ ಬಿಲ್ಡಿಂಗ್’ ಅಂತ ಬರೆದಿದ್ದಾನೆ. ನಮ್ಮ ಇಂಜಿನಿಯರ್ ಸಾಹೇಬರು ನಕ್ಕು ಹೋದರು. ಸರಿ ಮಾಡಲಿಲ್ಲ.

ಬಸವನಗುಡಿ ಮೇಷ್ಟ್ರು · ಗುರುವಾರ, ಬೆಳಿಗ್ಗೆ 7:40

ಪೇಂಟರ್‌ಗೆ ನನ್ನ ಕಡೆಯಿಂದ ಒಂದು ಟೀ. ಆತ ಇನ್ನೂರು ಚಿಲ್ಲರೆ ವರ್ಷ ತಡವಾಗಿ ಹುಟ್ಟಿದ್ದಾನೆ, ಅಷ್ಟೇ. ಒಂದು ಕಾಲದಲ್ಲಿ ಇಂಗ್ಲಿಷಿನವರೇ ‘ದಿ ಹೌಸ್ ಈಸ್ ಬಿಲ್ಡಿಂಗ್’ ಅನ್ನುತ್ತಿದ್ದರು, ಮನೆ ಕಟ್ಟಲಾಗುತ್ತಿದೆ ಎಂಬ ಅರ್ಥದಲ್ಲಿ. ‘ಈಸ್ ಬೀಯಿಂಗ್ ಬಿಲ್ಟ್’ ಬಳಕೆಗೆ ಬಂದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಬಂದಾಗ 19ನೇ ಶತಮಾನದ ಪಂಡಿತರು ಮೂಗು ಮುರಿದರು, ಇದೆಂಥ ಅಸಹ್ಯ ಅಂತ. ಇವತ್ತು ಅದೇ ಸರಿ, ಹಳೆಯದು ತಪ್ಪು. ‘ಡ್ರೈನ್ ಈಸ್ ಬೀಯಿಂಗ್ ಬಿಲ್ಟ್’ ಅಂತ ಬರೆಸಿ. ಇಲ್ಲವಾದರೆ ‘ವರ್ಕ್ ಇನ್ ಪ್ರೋಗ್ರೆಸ್’.

ಕನ್ನಡದಲ್ಲೂ ಬರೆಸಿ, ಮೇಲ್ಗಡೆ. ‘ಕಾಮಗಾರಿ ನಡೆಸಲಾಗುತ್ತಿದೆ’ ಅಂತ ಬೇಡ. ‘ಚರಂಡಿ ಕೆಲಸ ನಡೆಯುತ್ತಿದೆ, ನಿಧಾನ’ ಸಾಕು.

ಸೈಟ್ ಮೇಸ್ತ್ರಿ · ಗುರುವಾರ, ಬೆಳಿಗ್ಗೆ 7:44

ಬರೆಸಿದೆ. ಒಂದು ಸ್ಕೂಟರು ಆಗಲೇ ಒಳಗೆ ಬಿದ್ದಿತ್ತು, ಅದನ್ನು ಎತ್ತಿ ಆಮೇಲೆ ಬರೆಸಿದೆ.

ಪೀಣ್ಯ ಅಕೌಂಟ್ಸ್ · ಶುಕ್ರವಾರ, ರಾತ್ರಿ 9:15

ಇವತ್ತು ಕಳಿಸಿದ ಮೇಲ್: ‘ಥ್ಯಾಂಕ್ ಯು ಫಾರ್ ಸೆಂಡಿಂಗ್ ದಿ ಬಿಲ್ಸ್. ಐ ಹ್ಯಾವ್ ಎ ಡೌಟ್ ಅಬೌಟ್ ಒನ್ ಎಂಟ್ರಿ. ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.’ ಪೆನ್ಸಿಲ್ ಬರಲಿಲ್ಲ. ‘ಫಾರ್’ ಆದಮೇಲೆ ‘ಸೆಂಡಿಂಗ್’ ಹಾಕಿದ್ದು ನಾನೇ, ಯಾರೂ ಹೇಳಲಿಲ್ಲ. ‘ಕಳಿಸಿದ್ದಕ್ಕೆ’ ಅಂತ ವಿಭಕ್ತಿ ಹತ್ತಿತಲ್ಲ ಮೇಷ್ಟ್ರೇ, ಹಾಗಾಗಿ ಹೆಸರು ಅಂದುಕೊಂಡೆ.

ಬಸವನಗುಡಿ ಮೇಷ್ಟ್ರು · ಶುಕ್ರವಾರ, ರಾತ್ರಿ 9:22

ಇನ್ನು ನಾನು ಹೇಳುವುದೇನೂ ಉಳಿದಿಲ್ಲ. ‘ಡೌಟ್’ ಬದಲು ‘ಕ್ವೆಶ್ಚನ್’ ಅಂದಿದ್ದರೆ ಇನ್ನೂ ಚೆನ್ನಿತ್ತು, ಅದು ಬೇರೆ ಕಥೆ.

ಪೀಣ್ಯ ಅಕೌಂಟ್ಸ್ · ಶುಕ್ರವಾರ, ರಾತ್ರಿ 9:31

ಸರಿ ಮೇಷ್ಟ್ರೇ, ಬರೆದುಕೊಂಡೆ. ಇದನ್ನು ಟೈಪ್ ಮಾಡುವಾಗ ಚಿಕ್ಕವಳು ಬಂದು ‘ಅಮ್ಮಾ, ವಾಟ್ ಮಾಡಿಂಗ್?’ ಅಂದಳು. ‘ಚಪಾತಿ ಲಟ್ಟಿಸಿಂಗ್, ನೀನು ತಟ್ಟೆ ಇಡಿಂಗ್’ ಅಂದೆ. ದೊಡ್ಡವನು ಹಣೆ ಚಚ್ಚಿಕೊಂಡು ಒಳಗೆ ಹೋದ.